ರ‍್ಯಾಂಕ್ ಬಂದವರ ಬೇಜಾರು

ಚೆನ್ನಾಗಿ ದುಡಿಯುವವರ ಬೇಜಾರಿನ ಬಗ್ಗೆ ಬರೆಯುವುದು ಕಷ್ಟ. ಕೇಳಿದವರಿಗೆ ಅಯ್ಯೋ ಪಾಪ ಅನ್ನಿಸುವುದಿಲ್ಲ. ಮುಂಬೈಯ ಪೊವಾಯಿಯಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟು, ಕಂಪನಿ ಕೊಟ್ಟ ಷೇರುಗಳು, ರಜೆ ಬಂದರೆ ವಿದೇಶ, ಇಂಥವರಿಗೆ ಎಂಥ ಬೇಜಾರು? ಬೆಳಿಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹಿಡಿದು, ಬಾಗಿಲಲ್ಲಿ ಒಂದೇ ಕಾಲಿಗೆ ಜಾಗ ಸಿಕ್ಕಿ ನೇತಾಡಿಕೊಂಡು ಬರುವವನ ಮುಂದೆ ಈ ಮಾತು ತೆಗೆದರೆ, 'ಆ ಬೇಜಾರು ನನಗೆ ಕೊಡಿ, ನಾನು ಇಟ್ಟುಕೊಳ್ಳುತ್ತೇನೆ' ಅಂತಾನೆ. ಅವನು ಹೇಳುವುದು ಸರಿಯೇ. ಆದರೂ ಬರೆಯುತ್ತೇನೆ. ಈ ಬೇಜಾರನ್ನು ನಾನು ಬಹಳ ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ, ಮತ್ತೆ ಇದಕ್ಕೆ ಜನ ಕೊಡುವ ಕಾರಣಗಳು ನನಗೆ ಒಪ್ಪಿಗೆಯಾಗುವುದಿಲ್ಲ.

ನಾನು ಚಾರ್ಟರ್ಡ್ ಅಕೌಂಟೆಂಟ್. ಮುಲುಂಡ್ ಸ್ಟೇಷನ್ನಿನ ಹತ್ತಿರ ಸಣ್ಣ ಆಫೀಸು. ಊರು ಕುಂದಾಪುರದ ಕಡೆ, ಹಾಗಾಗಿ ನನ್ನ ಹತ್ತಿರ ಬರುವವರೂ ಹೆಚ್ಚಿನವರು ನಮ್ಮ ಕಡೆಯವರೇ. ಉಡುಪಿ, ಕಾರ್ಕಳ, ಬೈಂದೂರು. ಈಚೆಗೆ ಧಾರವಾಡ, ಬೆಳಗಾವಿ ಕಡೆಯ ಐಟಿಯವರೂ ಜಾಸ್ತಿಯಾಗಿದ್ದಾರೆ. ಒಬ್ಬರು ಇನ್ನೊಬ್ಬರಿಗೆ ಹೇಳಿ, ಯಾರದೋ ಮದುವೆ ಊಟದಲ್ಲಿ ಪರಿಚಯವಾಗಿ, ಹೀಗೇ ಬೆಳೆದ ಪ್ರಾಕ್ಟೀಸು. ಜೂನ್, ಜುಲೈ ಬಂತೆಂದರೆ ಆದಾಯ ತೆರಿಗೆ ರಿಟರ್ನ್ ತುಂಬುವ ಕಾಲ. ಫಾರ್ಮ್ 16, ಬ್ಯಾಂಕಿನ ಬಡ್ಡಿ, ಷೇರು ಮಾರಿದ ಲೆಕ್ಕ, ಮನೆ ಸಾಲದ ಪತ್ರ ಎಲ್ಲ ಹರಡಿಕೊಂಡು ಕೂತರೆ ಒಬ್ಬ ಮನುಷ್ಯ ವರ್ಷವಿಡೀ ಏನು ಮಾಡಿದ ಅನ್ನುವುದು ಕಾಣುತ್ತದೆ. ಲೆಕ್ಕ ಬಿಚ್ಚಿದ ಮೇಲೆ ಬಾಯಿಯೂ ಬಿಚ್ಚುತ್ತದೆ. ಡಾಕ್ಟರ ಹತ್ತಿರ ಹೇಳದ್ದನ್ನು ಸಿಎ ಹತ್ತಿರ ಹೇಳುವವರಿದ್ದಾರೆ. (ಇಲ್ಲಿ ಬರುವವರ ಗುರುತು ಸಿಗಬಾರದು ಅಂತ ಊರು, ಕೆಲಸ ಸ್ವಲ್ಪ ಆಚೀಚೆ ಮಾಡಿದ್ದೇನೆ. ಹುಡುಕಲು ಹೋಗಬೇಡಿ.)

ರಿಟರ್ನಿನಲ್ಲಿ ಷೆಡ್ಯೂಲ್ ಎಎಲ್ ಅಂತ ಒಂದು ಭಾಗ ಇದೆ. ಆಸ್ತಿ ಮತ್ತು ಸಾಲದ ಪಟ್ಟಿ. ಮೊದಲು ವರ್ಷದ ಆದಾಯ 50 ಲಕ್ಷ ದಾಟಿದವರು ತುಂಬಬೇಕಿತ್ತು, 2025-26ರ ಅಸೆಸ್‌ಮೆಂಟ್ ವರ್ಷದಿಂದ ಆ ಮಿತಿ 1 ಕೋಟಿ ಆಗಿದೆ. ಜಮೀನು, ಕಟ್ಟಡ, ಒಡವೆ, ಬ್ಯಾಂಕಿನಲ್ಲಿರುವುದು, ಷೇರು, ಇನ್ಶೂರೆನ್ಸ್, ಕೈಯಲ್ಲಿರುವ ನಗದು, ಬೇರೆಯವರಿಗೆ ಕೊಟ್ಟ ಸಾಲ, ಎಲ್ಲಕ್ಕೂ ಬೇರೆ ಬೇರೆ ಸಾಲು. ಚಿತ್ರ, ಶಿಲ್ಪ, ಪುರಾತನ ವಸ್ತುಗಳಿದ್ದರೆ ಅದಕ್ಕೂ ಒಂದು. ವಾಹನದ ಸಾಲಿನಲ್ಲಿ ಕಾರಿನ ಜೊತೆಗೆ ಐಷಾರಾಮಿ ಯಾಟ್, ದೋಣಿ, ವಿಮಾನ ಅಂತಲೂ ಬರೆದಿದ್ದಾರೆ. ಎಲ್ಲದಕ್ಕೂ ಕೊಂಡ ಬೆಲೆ ಹಾಕಬೇಕು, ಈಗಿನ ಬೆಲೆಯನ್ನು ಯಾರೂ ಕೇಳುವುದಿಲ್ಲ.

ಮಲ್ಪೆ ಕಡೆಯವರೊಬ್ಬರು, ಬಿಕೆಸಿ ಅನ್ನುವ ದೊಡ್ಡ ಆಫೀಸುಗಳ ಜಾಗದಲ್ಲಿ ದೊಡ್ಡ ಹುದ್ದೆ, ಆ ಸಾಲು ಓದಿ ಜೋರಾಗಿ ನಕ್ಕರು. "ದೋಣಿ ನಮ್ಮ ಅಜ್ಜನಿಗೆ ಇತ್ತು ಮೇಡಂ. ಪಾಪ, ಅವರಿಗೆ ರಿಟರ್ನ್ ಇರಲಿಲ್ಲ." ಒಂದೊಂದೇ ಸಾಲು ಹೇಳುತ್ತಾ ಹೋದರು, ನಾನು ತುಂಬುತ್ತಾ ಹೋದೆ. ಕೊನೆಗೆ ಒಟ್ಟು ಬಂತು. ಸ್ಕ್ರೀನನ್ನು ಅವರ ಕಡೆ ತಿರುಗಿಸಿದೆ. ಕನ್ನಡಕ ಹಣೆ ಮೇಲೆ ಏರಿಸಿ, ಬಗ್ಗಿ, ಸೊನ್ನೆಗಳನ್ನು ಬೆರಳಲ್ಲಿ ಎಣಿಸಿದರು. "ಇಷ್ಟುಂಟಾ ನನ್ನ ಹತ್ರ?" ಅಂದರು. ಸಾಲ ಕಳೆದರೂ ಇಷ್ಟುಂಟು ಅಂದೆ. "ಹಾಗಾದ್ರೆ ನನಗೆ ಯಾಕೆ ಎಂತದೂ ಇಲ್ಲ ಅಂತ ಅನ್ನಿಸ್ತದೆ?" ಅಂತ ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಸರ್‌ಚಾರ್ಜ್ ಎಷ್ಟು ಬಿತ್ತು ಅಂತ ಮಾತು ತಿರುಗಿಸಿದರು. ತೆರಿಗೆಯ ಮೇಲೆ ಬೀಳುವ ಹೆಚ್ಚಿನ ತೆರಿಗೆ ಅದು, ಆದಾಯ 1 ಕೋಟಿ ದಾಟಿದರೆ ಶೇ. 15. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು.

ಅವರೊಬ್ಬರೇ ಆಗಿದ್ದರೆ ಬಿಡಿ. ಬೇರೆ ಬೇರೆ ಜನ ಬೇರೆ ಬೇರೆ ಮಾತಲ್ಲಿ ಇದನ್ನೇ ಹೇಳುತ್ತಾರೆ. "ಎಲ್ಲ ಸರಿ ಉಂಟು, ಆದ್ರೆ ಒಂಥರಾ." "ಪ್ರಮೋಷನ್ ಬಂತು, ಪಾರ್ಟಿ ಕೊಟ್ಟೆ, ಮನೆಗೆ ಬಂದು ಸುಮ್ನೆ ಕೂತೆ." ಧಾರವಾಡದ ಹುಡುಗನೊಬ್ಬ ಇನ್ನೂ ನೇರ. "ಅಕ್ಕಾರ, ಮುಂದ ಏನು ಅಂತನ ಗೊತ್ತಾಗವಲ್ದು" ಅಂದ. ಅವನಿಗೆ ಇನ್ನೂ ಮೂವತ್ತೆರಡು.

ಇದಕ್ಕೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು: ಹಣದಿಂದ ಸುಖ ಸಿಗುವುದಿಲ್ಲ. ಸಿಎ ಆಗಿ ಹೇಳುತ್ತೇನೆ, ಇದು ಹಣ ಇದ್ದವರು ಇಲ್ಲದವರಿಗೆ ಹೇಳುವ ಮಾತು. 2010ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಅನ್ನುವ ಸಂಶೋಧಕರು ಅಮೆರಿಕದ ಲೆಕ್ಕ ಹಿಡಿದು, ವರ್ಷಕ್ಕೆ ಸುಮಾರು 75,000 ಡಾಲರ್ ದಾಟಿದ ಮೇಲೆ ದಿನನಿತ್ಯದ ಖುಷಿ ಏರುವುದಿಲ್ಲ ಅಂದಿದ್ದರು. ಆ ಮಾತು ಎಲ್ಲ ಕಡೆ ಹರಡಿತು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಅನ್ನುವವರು, ಹಾಗೇನಿಲ್ಲ, ಅದರ ಮೇಲೂ ಏರುತ್ತಲೇ ಹೋಗುತ್ತದೆ ಅಂದರು. ಆಮೇಲೆ ಕಾನೆಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಜಗಳ ಆಡುವ ಬದಲು, ಬಾರ್ಬರಾ ಮೆಲ್ಲರ್ಸ್ ಅವರನ್ನು ಜೊತೆಗೆ ಕರೆದುಕೊಂಡು, ಕೂತು ಒಟ್ಟಿಗೆ ಲೆಕ್ಕ ನೋಡಿದರು. ಇಂಥದ್ದು ನಮ್ಮ ಸಂಘ-ಸಂಸ್ಥೆಗಳಲ್ಲಿ ಆಗುವುದನ್ನು ನೋಡಬೇಕು ಅಂತ ನನಗೆ ಆಸೆ, ಇರಲಿ. 2023ರಲ್ಲಿ ಬಂದ ಅವರ ಉತ್ತರ ಹೀಗಿದೆ: ಹೆಚ್ಚಿನವರಿಗೆ ಹಣ ಏರಿದ ಹಾಗೆ ಖುಷಿಯೂ ಏರುತ್ತದೆ. ಆದರೆ ಎಲ್ಲರಿಗಿಂತ ಕಡಿಮೆ ಖುಷಿಯಲ್ಲಿರುವ ಶೇ. 20ರಷ್ಟು ಜನರಿಗೆ ಸುಮಾರು 1 ಲಕ್ಷ ಡಾಲರ್ ತನಕ ಮಾತ್ರ ಹಣ ಸಹಾಯ ಮಾಡುತ್ತದೆ, ಆಮೇಲೆ ಎಷ್ಟು ಬಂದರೂ ಅಷ್ಟೇ. ಅಂದರೆ ಅವರ ಬೇಜಾರಿನಲ್ಲಿ ಹಣದಿಂದ ಹೋಗುವ ಪಾಲು ಹೋಗಿ ಆಗಿದೆ. ಉಳಿದದ್ದು ಬೇರೆ ಏನೋ.

ಆ ಬೇರೆ ಏನೋ ಯಾವುದು?

ಒಂದು ಉತ್ತರ ಹಳೆಯದು. ಮನುಷ್ಯ ಎಲ್ಲದಕ್ಕೂ ಒಗ್ಗಿಕೊಳ್ಳುತ್ತಾನೆ. 1978ರ ಒಂದು ಅಧ್ಯಯನಕ್ಕೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ದೊಡ್ಡ ಲಾಟರಿ ಗೆದ್ದ 22 ಜನರನ್ನು ಫಿಲಿಪ್ ಬ್ರಿಕ್‌ಮನ್ ಮತ್ತು ಜೊತೆಯವರು ಮಾತಾಡಿಸಿದ್ದರು. ಗೆದ್ದವರು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಖುಷಿಯಲ್ಲಿರಲಿಲ್ಲ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ತೀರ ಸಣ್ಣ ಅಧ್ಯಯನ, ಅದರ ಮೇಲೆ ಜಾಸ್ತಿ ಭಾರ ಹಾಕಬಾರದು. ನನಗೆ ಕುತೂಹಲ ಆದದ್ದು ಅದರ ಇನ್ನೊಂದು ಭಾಗ. ಬೆಳಗಿನ ತಿಂಡಿ, ಸ್ನೇಹಿತರ ಜೊತೆ ಹರಟೆ, ಒಂದು ಜೋಕು, ಯಾರೋ ಹೊಗಳಿದ್ದು, ಇಂಥ ಸಣ್ಣಪುಟ್ಟದರಲ್ಲಿ ಎಷ್ಟು ಖುಷಿ ಸಿಗುತ್ತದೆ ಅಂತಲೂ ಅವರು ಕೇಳಿದ್ದರು. ಲಾಟರಿ ಗೆದ್ದವರಿಗೆ ಅದರಲ್ಲಿ ಉಳಿದವರಿಗಿಂತ ಕಡಿಮೆ ಖುಷಿ ಸಿಗುತ್ತಿತ್ತು.

ಇದನ್ನು ಓದಿದಾಗ ಕಾರ್ಕಳದ ಒಬ್ಬರು ನೆನಪಾದರು. ಮುಂಬೈಗೆ ಬಂದ ಹೊಸತರಲ್ಲಿ ಚೆಂಬೂರಿನಲ್ಲಿ ನಾಲ್ಕು ಜನ ಒಂದು ರೂಮು. ಭಾನುವಾರ ಮಾಟುಂಗಾಕ್ಕೆ ಹೋಗಿ ಹೊಟೇಲಿನ ಹೊರಗೆ ಕ್ಯೂ ನಿಂತು, ಯಾರು ಯಾವಾಗ ಏಳುತ್ತಾರೆ ಅಂತ ಒಳಗಿನ ಟೇಬಲ್ ನೋಡುತ್ತಾ ನಿಂತು, ಕೊನೆಗೆ ಜಾಗ ಸಿಕ್ಕಿ ಇಡ್ಲಿ ಸಾಂಬಾರು ಬಂದಾಗ ಆಗುತ್ತಿದ್ದ ಖುಷಿಯನ್ನು ಅವರು ಹೇಳುವಾಗ ನನಗೇ ಹಸಿವಾಗುತ್ತದೆ. ಈಗ ಅವರು ಒಂದು ಕಂಪನಿಯ ಉಪಾಧ್ಯಕ್ಷರು. "ಮೊನ್ನೆ ಅಲ್ಲಿಗೆ ಹೋಗಿದ್ದೆ ಮೇಡಂ. ಇಡ್ಲಿ ಹಾಗೇ ಉಂಟು, ಕ್ಯೂ ಕೂಡ ಹಾಗೇ ಉಂಟು. ನಾನು ಫೋನ್ ನೋಡ್ತಾ ತಿಂದು ಬಂದೆ. ಎಂತ ತಿಂದೆ ಅಂತ ಕಾರಲ್ಲಿ ಕೂತ ಮೇಲೆ ನೆನಪಾಗಲಿಲ್ಲ."

ಮಿದುಳಿನ ಲೆಕ್ಕವೂ ಹೀಗೇ ಇದೆಯಂತೆ. ವುಲ್ಫ್ರಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಬಿಡುವ ಜೀವಕೋಶಗಳನ್ನು ಅಳೆದು ನೋಡಿದ್ದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಿದರೆ ಆ ಕೋಶಗಳು ಕುಣಿಯುತ್ತವೆ. ಆದರೆ ದೀಪ ಹೊತ್ತಿದ ಮೇಲೆ ರಸ ಬರುತ್ತದೆ ಅಂತ ಕೋತಿಗೆ ಗೊತ್ತಾದ ಮೇಲೆ, ಕುಣಿತ ದೀಪಕ್ಕೆ. ರಸ ಬಂದಾಗ ಏನೂ ಇಲ್ಲ. ಬರಬೇಕಾದ ರಸ ಬಾರದಿದ್ದರೆ ಮಾತ್ರ ಇದ್ದದ್ದಕ್ಕಿಂತ ಕೆಳಗೆ ಇಳಿಯುತ್ತದೆ. ಇದನ್ನು ನಾನು ಪ್ರತಿ ಏಪ್ರಿಲ್‌ನಲ್ಲಿ ನೋಡುತ್ತೇನೆ. ಅಪ್ರೈಸಲ್ ಪತ್ರ ಬರುವ ಹಿಂದಿನ ದಿನ ಜನರ ಮುಖದಲ್ಲಿ ಕಳೆ ಇರುತ್ತದೆ. ಅಕೌಂಟಿಗೆ ದುಡ್ಡು ಬಿದ್ದ ದಿನ ಕೇಳುವುದು, "ಟಿಡಿಎಸ್ ಇಷ್ಟು ಯಾಕೆ ಹಿಡಿದ್ರು?"

ಅಭಿನವ್ ಬಿಂದ್ರಾ ಕಥೆ ಗೊತ್ತಿರಬಹುದು. 2008ರ ಆಗಸ್ಟ್ 11, ಬೀಜಿಂಗ್, 10 ಮೀಟರ್ ಏರ್ ರೈಫಲ್, ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ. ಇಡೀ ದೇಶ ಕುಣಿಯಿತು. ತನ್ನ ಜೀವನದ ದೊಡ್ಡ ಮಾನಸಿಕ ಕಷ್ಟ ಶುರುವಾದದ್ದು ಸೋತಾಗ ಅಲ್ಲ, ಆ ಗೆಲುವಿನ ನಂತರ ಅಂತ ಅವರೇ ಆಮೇಲೆ ಬಹಿರಂಗವಾಗಿ ಹೇಳಿಕೊಂಡರು. ಹುಡುಗನಾಗಿದ್ದಾಗಿನಿಂದ ಒಂದೇ ಗುರಿ. ಅದು ಸಿಕ್ಕಿತು. ಮರುದಿನ ಬೆಳಿಗ್ಗೆ ಏಳುವುದು ಯಾವುದಕ್ಕೆ?

ನಮ್ಮವರ ಸಮಸ್ಯೆ ಸ್ವಲ್ಪ ಬೇರೆ. ಚಿನ್ನ ಗೆದ್ದೆ ಅಂತ ಹೇಳಿಕೊಳ್ಳುವ ದಿನವೇ ಇವರಿಗೆ ಬರುವುದಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೋ ನೋಡಿ ಕಾರ್ನೆಲ್ ವಿಶ್ವವಿದ್ಯಾಲಯದವರು 1995ರಲ್ಲಿ ಒಂದು ವಿಷಯ ಬರೆದರು: ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರ ಮುಖದಲ್ಲಿ ಖುಷಿ ಜಾಸ್ತಿ. ಕಂಚಿನವನು ಪದಕ ತಪ್ಪಿದ ನಾಲ್ಕನೆಯವನನ್ನು ನೋಡುತ್ತಾನೆ, ಬೆಳ್ಳಿಯವನು ಚಿನ್ನದವನನ್ನು. ನನ್ನ ಗಿರಾಕಿಗಳಲ್ಲಿ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿದವರು ಸುಮಾರು ಜನ. ಅವರಿಗೆಲ್ಲ ಬ್ಯಾಚಿನ ವಾಟ್ಸ್ಯಾಪ್ ಗ್ರೂಪು ಇದೆ. ಅದರಲ್ಲಿ ಒಬ್ಬ ಯಾವಾಗಲೂ ಕ್ಯಾಲಿಫೋರ್ನಿಯಾದಲ್ಲಿ ಇರುತ್ತಾನೆ, ಒಬ್ಬ ಕಂಪನಿ ಮಾರಿರುತ್ತಾನೆ. ಗ್ರೂಪಿನ ಮುಕ್ಕಾಲು ಪಾಲು ಜನ ಇವರಿಗಿಂತ ಕಡಿಮೆ ದುಡಿಯುತ್ತಾರೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಅವರು ಗ್ರೂಪಿನಲ್ಲಿ ಮಾತೇ ಆಡುವುದಿಲ್ಲವಲ್ಲ.

ಇವೆಲ್ಲ ನಿಜ. ಆದರೆ ಒಗ್ಗಿಕೊಳ್ಳುವುದು, ಹೋಲಿಸಿಕೊಳ್ಳುವುದು ಎಲ್ಲ ಮನುಷ್ಯರಿಗೂ ಇರುವುದೇ. ಸಾಧಾರಣ ಗುಮಾಸ್ತನಿಗೂ ಹೊಸ ಬೈಕು ಆರು ತಿಂಗಳಲ್ಲಿ ಹಳತಾಗುತ್ತದೆ. ಮುಂದೆ ಇದ್ದವರಿಗೇ ಯಾಕೆ ಇದು ಇಷ್ಟು ಜೋರಾಗಿ ಹಿಡಿಯುತ್ತದೆ? ನನಗೆ ಅನ್ನಿಸುವುದನ್ನು ಹೇಳುತ್ತೇನೆ.

ಇವರೆಲ್ಲ ಬೇರೆಯವರು ಕೊಟ್ಟ ಪ್ರಶ್ನೆಗೆ ಉತ್ತರ ಬರೆಯುವುದರಲ್ಲಿ ನಂಬರ್ ಒನ್. ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ, ಕ್ಯಾಂಪಸ್ ಇಂಟರ್‌ವ್ಯೂ, ಎಂಬಿಎ, ಆಮೇಲೆ ವರ್ಷವರ್ಷ ಆಫೀಸಿನ ಗುರಿಗಳು. ಪ್ರತಿಯೊಂದಕ್ಕೂ ಸಿಲೆಬಸ್ ಇತ್ತು, ಮಾರ್ಕಿತ್ತು, ಪಾಸು-ಫೇಲು ಹೇಳುವವರಿದ್ದರು. ನಮ್ಮ ಜಿಲ್ಲೆಗಳ ಹೆಮ್ಮೆಯೇ ರಿಸಲ್ಟು. ಪಿಯುಸಿ ಫಲಿತಾಂಶದಲ್ಲಿ ಉಡುಪಿ, ದಕ್ಷಿಣ ಕನ್ನಡ ಮೇಲೆ ಬಾರದಿದ್ದರೆ ಊರಲ್ಲಿ ಸೂತಕ. ರ‍್ಯಾಂಕ್ ಬಂದವರ ಫೋಟೋ ಪೇಪರಲ್ಲಿ ಬರುತ್ತಿತ್ತು, ಅದನ್ನು ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿ ಅಪ್ಪ ಹಾಲಿನಲ್ಲಿ ತೂಗು ಹಾಕುತ್ತಿದ್ದರು. ಆ ಮಕ್ಕಳಿಗೆ ಹದಿನೇಳು ವರ್ಷಕ್ಕೇ ಒಂದು ವಿಷಯ ಮೈಯಲ್ಲಿ ಇಳಿದಿತ್ತು: ಯಾರಾದರೂ ಪ್ರಶ್ನೆಪತ್ರಿಕೆ ಕೊಟ್ಟರೆ ನಾನು ಗೆಲ್ಲುತ್ತೇನೆ.

ನಲವತ್ತು ದಾಟಿದ ಮೇಲೆ ಪತ್ರಿಕೆ ಬರುವುದು ನಿಲ್ಲುತ್ತದೆ. ಅಥವಾ ಅದೇ ಹಳೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಬರೀ ಅಂಕ ಬದಲಾಗಿ. ಈ ವರ್ಷ ಶೇ. 12 ಬೆಳವಣಿಗೆ, ಮುಂದಿನ ವರ್ಷ 15. 'ನಿನಗೆ ಏನು ಇಷ್ಟ' ಅಂತ ಯಾರೂ ಇವರನ್ನು ಕೇಳಿರಲೇ ಇಲ್ಲ, ಇವರಿಗೂ ಕೇಳಿಕೊಳ್ಳಲು ಪುರುಸೊತ್ತಿರಲಿಲ್ಲ. ದಡ್ಡ ಹುಡುಗರಿಗೆ ಈ ತೊಂದರೆ ಕಡಿಮೆ. ಪರೀಕ್ಷೆಯಲ್ಲಿ ಖುಷಿ ಸಿಗುವುದಿಲ್ಲ ಅಂತ ಅವರಿಗೆ ಎಂಟನೇ ಕ್ಲಾಸಿಗೇ ಗೊತ್ತಾಗಿ, ಬೇರೆ ಕಡೆ ಹುಡುಕಲು ಶುರು ಮಾಡಿರುತ್ತಾರೆ. ಕ್ರಿಕೆಟ್ಟು, ಆಟದ ಬಯಲು, ಯಕ್ಷಗಾನದ ಚೌಕಿ. ರ‍್ಯಾಂಕಿನವನಿಗೆ ಹುಡುಕುವ ಅಗತ್ಯವೇ ಬೀಳಲಿಲ್ಲ.

1973ರ ಒಂದು ಪ್ರಯೋಗ ಇದೆ. ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಮಕ್ಕಳನ್ನೇ ಆರಿಸಿದರು. ಕೆಲವರಿಗೆ ಮೊದಲೇ ಹೇಳಿದರು, ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಅಂತ. ಮಕ್ಕಳು ಬಿಡಿಸಿದರು, ಸರ್ಟಿಫಿಕೇಟ್ ಸಿಕ್ಕಿತು. ಕೆಲವು ದಿನ ಬಿಟ್ಟು ಆಟದ ಹೊತ್ತಿನಲ್ಲಿ ಬಣ್ಣದ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದರು. ಸರ್ಟಿಫಿಕೇಟಿಗಾಗಿ ಬಿಡಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಆ ಪೆನ್ನು ಮುಟ್ಟಿದರು. ಹೇಳದೆ ಅಚಾನಕ್ಕಾಗಿ ಬಹುಮಾನ ಕೊಟ್ಟ ಮಕ್ಕಳಿಗೆ ಹಾಗೆ ಆಗಲಿಲ್ಲ. ಒಂದೇ ಸರ್ಟಿಫಿಕೇಟಿಗೆ ಹೀಗಾದರೆ, ಮೂವತ್ತು ವರ್ಷ ಸರ್ಟಿಫಿಕೇಟಿಗಾಗಿಯೇ ಬದುಕಿದವರ ಕೈಯಲ್ಲಿ ಪೆನ್ನು ಕೊಟ್ಟು 'ಸುಮ್ನೆ ಏನಾದ್ರೂ ಬಿಡಿಸಿ' ಅಂದರೆ ಏನು ಮಾಡುತ್ತಾರೆ?

ನಮ್ಮ ಹಿಂದಿನವರು ಹೀಗಿರಲಿಲ್ಲ ಅಂತ ಹೇಳುವವರಿದ್ದಾರೆ. ಅರ್ಧ ನಿಜ. ನಮ್ಮ ಕಡೆಯಿಂದ ಹನ್ನೆರಡು-ಹದಿಮೂರು ವರ್ಷಕ್ಕೆ ಮುಂಬೈ ಬಸ್ಸು, ಹಡಗು ಹತ್ತಿದ ಹುಡುಗರು ಹಗಲು ಹೊಟೇಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಮ್ಯಾಟ್ರಿಕ್ ಪಾಸಾದರು. ಗೆದ್ದವರು ಸ್ವಂತ ಹೊಟೇಲು ಮಾಡಿದರು, ಬ್ಯಾಂಕು ಸೇರಿದರು, ವಕೀಲರಾದರು. ಅವರ ಸಂಪಾದನೆ ಮನಿಯಾರ್ಡರಿನಲ್ಲಿ ಊರಿಗೆ ಹೋಗುತ್ತಿತ್ತು. 1880ರಲ್ಲಿ ಶುರುವಾದ ಸೇವೆ ಅದು. ಫಾರಮಿನಲ್ಲಿ ಕೆಳಗೆ ನಾಲ್ಕು ಮಾತು ಬರೆಯಲು ಸ್ವಲ್ಪ ಜಾಗ ಇರುತ್ತಿತ್ತು. ನಮ್ಮ ಮನೆಯಲ್ಲಿ ದೊಡ್ಡಪ್ಪ ಕಳಿಸಿದ ಅಂಥ ಚೂರುಗಳು ಟ್ರಂಕಿನಲ್ಲಿ ಇದ್ದವು, ಶಾಯಿ ಕಂದು ಬಣ್ಣಕ್ಕೆ ತಿರುಗಿ, ಅಂಚು ಹುಳ ತಿಂದು. 'ಅಮ್ಮನ ಮದ್ದಿಗೆ. ಉಳಿದರೆ ಶಾರದೆಯ ಪುಸ್ತಕ. ಮಾಡಿಗೆ ಹೆಂಚು ಮುಂದಿನ ತಿಂಗಳು ನೋಡುವ.' ಅಷ್ಟೇ. ದುಡಿದದ್ದು ಯಾರಿಗೆ, ಯಾವುದಕ್ಕೆ ಅನ್ನುವುದು ಅಲ್ಲೇ ಬರೆದಿತ್ತು. ಹೆಂಚು ಹೊದೆಸಿದ ಮೇಲೆ ಮಳೆ ಬಂದಾಗ ಊರಿನಿಂದ ಪತ್ರ ಬರುತ್ತಿತ್ತು, ಈ ಸಲ ಸೋರಲಿಲ್ಲ ಅಂತ.

ಈಗಿನವರ ದುಡಿಮೆಯನ್ನು ಬಳಸುವವರು ಯಾರು? ಊರಿನ ಮನೆ ಕಟ್ಟಿ ಆಗಿದೆ, ಅಪ್ಪ-ಅಮ್ಮನಿಗೆ ಪೆನ್ಷನ್ನೋ ತೋಟವೋ ಇದೆ, ತಂಗಿ ಅವಳೇ ಬೆಂಗಳೂರಲ್ಲಿ ಇವರಷ್ಟೇ ದುಡಿಯುತ್ತಾಳೆ. ಹಣ ಷೇರುಗಳನ್ನಿಡುವ ಡಿಮ್ಯಾಟ್ ಅಕೌಂಟಿಗೆ ಹೋಗಿ ಕೂರುತ್ತದೆ. ಕೆಲಸದ ಫಲವೂ ಹಾಗೇ. ನನ್ನ ಗಿರಾಕಿಯೊಬ್ಬರು ಒಂದು ಜಾಹೀರಾತು ಸಾಫ್ಟ್‌ವೇರಿನ ತಂಡ ನಡೆಸುತ್ತಾರೆ. "ನಾವು ಇದನ್ನು ನಾಳೆ ನಿಲ್ಲಿಸಿದರೆ ಯಾರಿಗೆ ತೊಂದರೆ ಆಗ್ತದೆ ಅಂತ ಯೋಚನೆ ಮಾಡಿದೆ. ನಮ್ಮ ಕಂಪನಿಯ ಷೇರುದಾರರಿಗೆ ಬಿಟ್ಟರೆ ಯಾರೂ ನೆನಪಾಗಲಿಲ್ಲ" ಅಂದರು.

ಆದರೆ ಹಳೆಯ ತಲೆಮಾರನ್ನು ಅಟ್ಟಕ್ಕೇರಿಸಲು ನಾನು ತಯಾರಿಲ್ಲ. ಎಪ್ಪತ್ತೈದು ದಾಟಿದ ಹೊಟೇಲು ಮಾಲೀಕರೊಬ್ಬರು ಈಗಲೂ ಬೆಳಿಗ್ಗೆ ಐದೂವರೆಗೆ ಗಲ್ಲೆಯಲ್ಲಿ ಕೂರುತ್ತಾರೆ. ಮಗ ಬೇಡ ಅಂತಾನೆ, ಸೊಸೆ ಬೇಡ ಅಂತಾಳೆ, ಮೊಣಕಾಲು ಬೇಡ ಅನ್ನುತ್ತದೆ. ಮನೆಯಲ್ಲಿ ಕೂತರೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಿಲ್ಲ. ಹೆಂಡತಿಯ ಜೊತೆ ಐವತ್ತು ವರ್ಷ ಸಂಸಾರ ಮಾಡಿ, ಈಗ ಮಧ್ಯಾಹ್ನ ಇಬ್ಬರೇ ಕೂತರೆ ಮಾತಾಡಲು ವಿಷಯ ಇಲ್ಲ. ಅವರಿಗೂ ಖಾಲಿ ಅನ್ನಿಸುತ್ತದೆ, ಹೇಳುವ ಅಭ್ಯಾಸ ಇಲ್ಲ, ಅಷ್ಟೇ. ಊರಿಗೆ ಕಳಿಸುವುದಿದ್ದಷ್ಟು ದಿನ ಅದು ಕಾಣಲಿಲ್ಲ.

ಇನ್ನು ಪರಿಹಾರಗಳು. ಇಲ್ಲಿ ನನಗೆ ನಗು ಬರುತ್ತದೆ. ಯಾಕಂದರೆ ರ‍್ಯಾಂಕಿನವರು ಪರಿಹಾರದಲ್ಲೂ ರ‍್ಯಾಂಕ್ ತೆಗೆಯಲು ಹೋಗುತ್ತಾರೆ. ಡಾಕ್ಟರು ದಿನಾ ಸ್ವಲ್ಪ ನಡೆಯಿರಿ ಅಂದರು ಅಂತ ಒಬ್ಬರು ಓಡಲು ಶುರು ಮಾಡಿದರು. ಒಳ್ಳೆಯದೇ. ಮೊದಲ ತಿಂಗಳು ಪೊವಾಯಿ ಕೆರೆ, ಬೆಳಗಿನ ಗಾಳಿ, ಯಾವುದೋ ಹಕ್ಕಿ ಅಂತೆಲ್ಲ ಹೇಳುತ್ತಿದ್ದರು. ಆಮೇಲೆ ವಾಚು ಬಂತು. ವಾಚಿನಲ್ಲಿ ಎದೆಬಡಿತ, ಕಿಲೋಮೀಟರಿಗೆ ಎಷ್ಟು ನಿಮಿಷ. ಆಮೇಲೆ ಕೋಚು. ಜನವರಿಯ ಮುಂಬೈ ಮ್ಯಾರಥಾನಿನಲ್ಲಿ 42.195 ಕಿಲೋಮೀಟರ್ ಓಡಿದರು, ಪೆಡ್ಡರ್ ರೋಡಿನ ಏರಿನಲ್ಲಿ ಮೂರು ನಿಮಿಷ ಹೋಯಿತು ಅಂತ ಬಂದು ಕೊರಗಿದರು. ಹಕ್ಕಿ ಯಾವುದು ಅಂತ ನಾನು ಕೇಳಿದೆ. "ಯಾವ ಹಕ್ಕಿ?" ಅಂದರು.

ಇನ್ನೊಬ್ಬರು ಇಗತ್ಪುರಿಗೆ ಹೋಗಿ 10 ದಿನದ ವಿಪಸ್ಸನ ಧ್ಯಾನ ಮಾಡಿ ಬಂದರು. ಮಾತಿಲ್ಲ, ಫೋನಿಲ್ಲ. ಬಂದ ಮೇಲೆ ಮುಖದಲ್ಲಿ ಏನೋ ಶಾಂತಿ ಇತ್ತು, ಸುಳ್ಳು ಹೇಳಬಾರದು. ಈಗ ಅವರು ಸಿಕ್ಕಿದವರನ್ನೆಲ್ಲ ಕೇಳುತ್ತಾರೆ, "ನಾನು ಮೂರು ಕೋರ್ಸ್ ಮುಗಿಸಿದೆ, ನಿಮ್ಮದು ಎಷ್ಟಾಯ್ತು?" ಕೆಲಸ ಬಿಟ್ಟು ಕರ್ಜತ್ ಕಡೆ ಜಮೀನು ಹಿಡಿದು ಸಾವಯವ ಕೃಷಿ ಮಾಡುವ ಆಸೆಯವರಂತೂ ಪ್ರತಿ ವರ್ಷ ಬರುತ್ತಾರೆ. ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ, ಅಲ್ವಾ ಅಂತ ಕೇಳುತ್ತಾರೆ. ಇಲ್ಲ, ಮೊದಲು ಆದಾಯ ಬರಲಿ ಅನ್ನುತ್ತೇನೆ.

ಒಬ್ಬರು ಮಾತ್ರ ನನಗೆ ಬೇರೆಯಾಗಿ ಕಂಡರು. ದೊಡ್ಡ ಕಂಪನಿಯ ಹಣಕಾಸು ಮುಖ್ಯಸ್ಥರು, ಬ್ರಹ್ಮಾವರದ ಕಡೆಯವರು. ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬೈಗೆ ಬಂದು ಸಭಾಗೃಹಗಳಲ್ಲಿ ಆಟ ಆಡುತ್ತಾರಲ್ಲ, ಹಾಗೆ ಒಂದು ಆಟ ನೋಡಿ ಬಂದವರು ಚೆಂಡೆ ಕಲಿಯಲು ಹೊರಟರು. ಕಲಿಸುವವರು ಹೊಟೇಲಿನಲ್ಲಿ ಸೂಪರ್‌ವೈಸರ್. ಇವರಿಗಿಂತ ಹತ್ತು ವರ್ಷ ಸಣ್ಣ ಪ್ರಾಯ. ಒಂದು ಸಂಜೆ ಸಹಿ ತೆಗೆದುಕೊಳ್ಳಲು ನಾನು ಅಲ್ಲಿಗೇ ಹೋಗಬೇಕಾಯಿತು. ಚಾಳಿನ ಒಂದು ರೂಮು, ಕಿಟಕಿಗೆ ಹಳೆ ಬೆಡ್‌ಶೀಟು, ಸದ್ದು ಹೊರಗೆ ಹೋಗಬಾರದು ಅಂತ. ಇವರು ಪ್ಯಾಂಟು ಮೊಣಕಾಲಿನ ತನಕ ಮಡಿಸಿ, ಬೆವರಿ, ಕೋಲು ಹಿಡಿದು ಬಾರಿಸುತ್ತಿದ್ದರು. ನನ್ನ ಕಿವಿಗೇ ತಾಳ ತಪ್ಪಿದ್ದು ಗೊತ್ತಾಯಿತು. ಗುರುಗಳು ಕೈ ಎತ್ತಿ, "ಎಂತ ಸ್ವಾಮಿ ಇದು? ಮೊನ್ನೆ ಹೇಳಿದ್ದೇ ಅಲ್ವಾ? ಇಡಿ ಕೆಳಗೆ" ಅಂದರು. ನೂರಾರು ಜನರ ಮೇಲಿನ ಅಧಿಕಾರಿ ಕೋಲು ಕೆಳಗಿಟ್ಟು, ತಲೆ ಬಗ್ಗಿಸಿ, ಬಾಯಿತಾಳ ಹೇಳಿಸಿಕೊಂಡರು. ಹೊರಗೆ ಬಂದಾಗ ನನ್ನ ಹತ್ತಿರ, "ಆಫೀಸಲ್ಲಿ ನನಗೆ ತಪ್ಪಾಯ್ತು ಅಂತ ಹೇಳುವ ಧೈರ್ಯ ಯಾರಿಗೂ ಇಲ್ಲ" ಅಂದರು. ಅವರು ಇನ್ನೂ ಯಾವ ಆಟದಲ್ಲೂ ಬಾರಿಸಿಲ್ಲ. ಬಾರಿಸುವಷ್ಟು ಬರುವುದೂ ಇಲ್ಲವೇನೋ. ಪ್ರತಿ ವಾರ ಹೋಗುತ್ತಾರೆ.

ಇಲ್ಲಿ ಒಂದು ಮಾತು ಸೇರಿಸಬೇಕು. ನಾನು ಇಷ್ಟೊತ್ತು ಹೇಳಿದವರಲ್ಲಿ ಹೆಚ್ಚಿನವರು ಗಂಡಸರು. ಹೆಂಗಸರ ಲೆಕ್ಕ ಬೇರೆ. ಅಂಧೇರಿಯ ಒಬ್ಬ ಡಾಕ್ಟರಮ್ಮನಿಗೆ ಗಂಡನಿಗಿಂತ ಎರಡು ಪಟ್ಟು ಆದಾಯ. ಅವರಿಗೂ ಏನೋ ಕಳೆದುಕೊಂಡ ಹಾಗೆ ಅನ್ನಿಸುತ್ತದೆ. ಆದರೆ ವಿಚಾರಿಸಿದರೆ ಅದರ ಹಿಂದೆ ದೊಡ್ಡ ತತ್ವ ಏನೂ ಇಲ್ಲ, ನಿದ್ದೆ ಇಲ್ಲ ಅಷ್ಟೇ. ಆಪರೇಷನ್ ಮುಗಿಸಿ ಬಂದು ಅತ್ತೆಗೆ ಗಂಜಿ, ಮಗನ ಪ್ರಾಜೆಕ್ಟು, ಊರಿನಿಂದ ಬಂದ ನೆಂಟರಿಗೆ ಸಿದ್ಧಿವಿನಾಯಕ ದರ್ಶನ. ಮದುವೆ ಮನೆಯಲ್ಲಿ ಅವರನ್ನು ಕೇಳುವುದು, "ಅಡಿಗೆಗೆ ಯಾರಿದ್ದಾರೆ?" ಇಂಥವರಿಗೆ ಅರ್ಥ ಹುಡುಕಿಕೊಳ್ಳಿ ಅಂತ ಹೇಳಬಾರದು. ಮನೆಯವರು ಎದ್ದು ಗಂಜಿ ಮಾಡಬೇಕು.

ಮತ್ತೆ ಕೆಲವರದ್ದು ಬೇಜಾರೂ ಅಲ್ಲ, ಆಯಾಸವೂ ಅಲ್ಲ, ಕಾಯಿಲೆ. ಒಲಿಂಪಿಕ್ಸ್‌ನಲ್ಲಿ 28 ಪದಕ ಗೆದ್ದ ಈಜುಗಾರ ಮೈಕೆಲ್ ಫೆಲ್ಪ್ಸ್, ಪ್ರತಿ ಒಲಿಂಪಿಕ್ಸ್ ಮುಗಿದ ಮೇಲೆ ತನ್ನನ್ನು ಖಿನ್ನತೆ ಹಿಡಿಯುತ್ತಿತ್ತು, ಬದುಕುವುದೇ ಬೇಡ ಅನ್ನಿಸಿದ್ದೂ ಇದೆ ಅಂತ ಹೇಳಿದ್ದಾರೆ. ಊಟ, ನಿದ್ದೆ ಬಿಟ್ಟು ವಾರಗಟ್ಟಲೆ ಹೀಗಿದ್ದರೆ ಸಿಎ ಹತ್ತಿರ ಬಂದು ಪ್ರಯೋಜನ ಇಲ್ಲ, ಡಾಕ್ಟರ ಹತ್ತಿರ ಹೋಗಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾತಾಡಬಹುದು, ಕನ್ನಡದಲ್ಲೂ.

ಈ ಪ್ರಶ್ನೆಪತ್ರಿಕೆಯ ಮಾತನ್ನು ನಾನು ಈ ಸಲ ಆ ಮಲ್ಪೆಯವರ ಹತ್ತಿರವೇ ಹೇಳಿದೆ. ಅವರು ರಿಫಂಡ್ ವಿಷಯಕ್ಕೆ ಬಂದಿದ್ದರು. ಪೂರ್ತಿ ಕೇಳಿದರು. ಸರಿ ಅನ್ನಿಸ್ತದೆ ಅಂದರು. ಪಿಯುಸಿಯಲ್ಲಿ ರ‍್ಯಾಂಕ್ ಬಂದ ದಿನ ರಾತ್ರಿಯೇ ಸಿಇಟಿ ಬಗ್ಗೆ ಹೆದರಿಕೆ ಶುರುವಾಗಿತ್ತು, ಪಾಯಸ ಸರಿಯಾಗಿ ತಿನ್ನಲಿಲ್ಲ ಅಂತ ಅವರೇ ಹೇಳಿದರು. ಆಮೇಲೆ ಬ್ಯಾಗಿನಿಂದ ಒಂದು ರಸೀದಿ ತೆಗೆದು, ಇದಕ್ಕೆ ಏನಾದರೂ ಟ್ಯಾಕ್ಸ್ ವಿನಾಯಿತಿ ಉಂಟಾ ಅಂತ ಕೇಳಿದರು. ಐಐಟಿ ಕೋಚಿಂಗಿನ ಫೀಸು. ಮಗ ಎಂಟನೇ ಕ್ಲಾಸು.

ವಿನಾಯಿತಿ ಇಲ್ಲ ಅಂದೆ. ಕೋಚಿಂಗಿಗೆ ಹಳೆಯ ಪದ್ಧತಿಯಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ. ಆಮೇಲೆ ತಡೆಯಲಾಗದೆ ಕೇಳಿದೆ, ಇಷ್ಟೆಲ್ಲ ನಿಮಗೇ ಗೊತ್ತಿದ್ದೂ ಅವನನ್ನು ಅದೇ ದಾರಿಗೆ ಹಾಕುವುದು ಯಾಕೆ ಅಂತ. ಅವನಿಗೆ ಏನು ಇಷ್ಟ?

"ಅವನಿಗೆ ಮೀನು ಇಷ್ಟ. ತಿನ್ಲಿಕ್ಕಲ್ಲ, ನೋಡ್ಲಿಕ್ಕೆ. ಊರಿಗೆ ಹೋದ್ರೆ ಬಂದರು ಬಿಟ್ಟು ಬರುದಿಲ್ಲ. ಯಾವ ಬಲೆ, ಯಾವ ಮೀನು, ಎಲ್ಲ ಕೇಳ್ತಾನೆ." ಸ್ವಲ್ಪ ಹೊತ್ತು ರಸೀದಿಯನ್ನು ಮಡಿಸುತ್ತಾ ಕೂತರು. "ಮತ್ತೆಂತ ಮಾಡುದು ಹೇಳಿ ಮೇಡಂ? ಮೀನು ಇಷ್ಟ ಅಂತ ದೋಣಿಗೆ ಕಳಿಸ್ಲಿಕ್ಕಾಗ್ತದಾ? ನಮ್ಮ ಅಜ್ಜ ಖುಷಿಯಲ್ಲಿದ್ರು ಅಂತ ಯಾರು ಹೇಳಿದ್ದು? ಎಷ್ಟು ಸಲ ಖಾಲಿ ಬಲೆ ತಂದು ಮನೆಯಲ್ಲಿ ಗಂಜಿ ಇರ್ಲಿಲ್ಲ. ಇವನು ಮೊದಲು ಒಂದು ಜಾಗಕ್ಕೆ ಬಂದು ನಿಲ್ಲಲಿ. ಆಮೇಲೆ ಬೇಕಾದ್ರೆ ನನ್ನ ಹಾಗೆ ಎಸಿ ರೂಮಲ್ಲಿ ಕೂತು ಎಂತದೂ ಇಲ್ಲ ಅಂತ ಅನ್ನಿಸ್ಲಿ."

ತಮಾಷೆಗೆ ಹೇಳಿದ್ದಲ್ಲ ಅವರು. ನನಗೆ ಅದು ತಪ್ಪು ಅಂತ ಹೇಳಲು ಬಾಯಿ ಬರಲಿಲ್ಲ, ಸರಿ ಅನ್ನಲೂ ಮನಸ್ಸಾಗಲಿಲ್ಲ. ಕಾರವಾರದಲ್ಲೋ ಕೊಚ್ಚಿಯಲ್ಲೋ ಮೀನಿನ ವಿಷಯವನ್ನೇ ಓದಿಸುವ, ಸಂಶೋಧನೆ ಮಾಡುವ ಜಾಗಗಳಿವೆಯಲ್ಲ, ಒಮ್ಮೆ ಅವನನ್ನು ಕರೆದುಕೊಂಡು ಹೋಗಿ ತೋರಿಸಿ ಅಂದೆ. "ಅದಕ್ಕೆ ಎಂಟ್ರೆನ್ಸ್ ಎಕ್ಸಾಮ್ ಉಂಟಾ?" ಅಂತ ಕೇಳಿದರು.